ಜಿಪ್ಪಕ್ಕನ ಮನೆಯ ‘ಅಂತೆ’

ಜಿಪ್ಪಕ್ಕನಿಗೆ ಆ ಹೆಸರು ಬರಲು ಎರಡು ಕಾರಣ. ಒಂದು, ಅವಳು ಬ್ಯಾಗು ರಿಪೇರಿ ಮಾಡುವವಳು; ಆ ಬೀದಿಯಲ್ಲಿ ಯಾರ ಬ್ಯಾಗಿನ ಜಿಪ್ಪು ಕೆಟ್ಟರೂ ಅವಳ ಮೇಜಿಗೇ ಬರಬೇಕು. ಇನ್ನೊಂದು, ಅವಳ ಬಾಯಿ. ಗಿರಾಕಿ ತಂದಿಟ್ಟ ಬ್ಯಾಗನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಗುರುವಾರ” ಎನ್ನುವಳು. “ಬುಧವಾರ ಆಗಲ್ವಾ ಅಕ್ಕಾ?” ಎಂದು ಕೇಳಿದರೆ ಬ್ಯಾಗನ್ನು ಅವರ ಕಡೆಗೇ ತಳ್ಳಿಬಿಡುವಳು. ಅವರು ಸ್ವಲ್ಪ ಹೊತ್ತು ನಿಂತು, ಮತ್ತೆ ಇವಳ ಕಡೆಗೆ ತಳ್ಳಿ, “ಆಯ್ತು, ಗುರುವಾರ” ಎಂದು ಹೋಗುವರು. ಕೈ ಬಂಗಾರ, ಬಾಯಿ ಕಹಿ ಎಂದು ಬೀದಿಯವರು ಅವಳನ್ನು ಸಹಿಸಿಕೊಂಡಿದ್ದರು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಎಡಕ್ಕೆ ಇಕ್ಕಳ, ಕತ್ತರಿ, ಮೇಣದಬತ್ತಿಯ ತುಂಡು. ಬಿಸ್ಕತ್ತಿನ ಹಳೆಯ ಡಬ್ಬಗಳಲ್ಲಿ ದೊಡ್ಡವು, ಚಿಕ್ಕವು, ಹಿತ್ತಾಳೆಯವು, ಪ್ಲಾಸ್ಟಿಕ್ಕಿನವು ಎಂದು ಬೇರೆ ಬೇರೆ ರನ್ನರ್‌ಗಳು. ಜಿಪ್ಪಿನ ಎರಡು ಸಾಲು ಹಲ್ಲುಗಳನ್ನು ಕೂಡಿಸುತ್ತ, ಬಿಡಿಸುತ್ತ ಓಡಾಡುವ ಚಿಕ್ಕ ತುಂಡಿಗೆ ಆ ಕಸುಬಿನಲ್ಲಿ ರನ್ನರ್ ಎನ್ನುತ್ತಾರೆ. ಜಿಪ್ಪು ಕೆಟ್ಟಿತು ಎಂದು ಜನ ಹಲ್ಲನ್ನು ಬೈಯುತ್ತಾರೆ. ಹತ್ತಕ್ಕೆ ಒಂಬತ್ತು ಸಲ ಸವೆದಿರುವುದು ರನ್ನರ್.

ಮುಂದಿನ ಕೋಣೆಯ ಹಿಂದೆ ಅಡುಗೆಮನೆ, ಅದರ ಆಚೆ ಈಚೆ ಒಂದೊಂದು ಕೋಣೆ. ಒಂದರಲ್ಲಿ ಜಿಪ್ಪಕ್ಕ, ಇನ್ನೊಂದರಲ್ಲಿ ಅವಳ ತಂಗಿ ಮತ್ತು ತಂಗಿಯ ಮಗಳು. ತಂಗಿ ಊರಿನ ದೊಡ್ಡ ಲಾಂಡ್ರಿಯಲ್ಲಿ ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಮಡಿಸುವವಳು. ಮನೆ ಅಪ್ಪನದು; ಅಪ್ಪ ಹೋದ ಮೇಲೆ ಇಬ್ಬರದೂ. ಒಂದೇ ಒಲೆ, ಒಂದೇ ನಲ್ಲಿ, ಒಂದೇ ಬಾಗಿಲು. ಮಾತು ಮಾತ್ರ ಇರಲಿಲ್ಲ. ನಾಲ್ಕು ವರ್ಷದಿಂದ ಅಕ್ಕ ತಂಗಿ ಒಬ್ಬರಿಗೊಬ್ಬರು ನೇರವಾಗಿ ಒಂದು ಮಾತು ಆಡಿರಲಿಲ್ಲ.

ತಂಗಿಯ ಗಂಡ ಒಂದು ದಿನ ಬೆಳಗ್ಗೆ ಹೋದವನು ತಿರುಗಿ ಬರಲಿಲ್ಲ. ಮಗು ಆಗ ಗೋಡೆ ಹಿಡಿದು ನಡೆಯುತ್ತಿತ್ತು. ತಂಗಿ ಅತ್ತಳು, ಅವರಿವರಿಂದ ಹುಡುಕಿಸಿದಳು. ಆಮೇಲೆ ಯಾರೋ ಅವಳ ಕಿವಿಯಲ್ಲಿ ಊದಿದರು. ಅವಳು ನೆಟ್ಟಗೆ ಬಂದು ಅಕ್ಕನ ಮೇಜಿನ ಮುಂದೆ ನಿಂತಳು. “ಅವತ್ತು ನೀನೇ ಅವರನ್ನ ಹೋಗು ಅಂದ್ಯಂತೆ?”

ಜಿಪ್ಪಕ್ಕ ಸೂಜಿಯಿಂದ ಕಣ್ಣೆತ್ತಲಿಲ್ಲ. “ಅಂದೆನಂತೆ” ಎಂದಳು.

ಅಲ್ಲಿಗೆ ಮುಗಿಯಿತು. ನಿಜವಾಗಿ ಏನು ಅಂದೆ ಎಂದು ತಂಗಿ ಕೇಳಲಿಲ್ಲ. ಕೇಳದಿದ್ದವಳಿಗೆ ಅಕ್ಕ ಹೇಳಲಿಲ್ಲ. ಮಗುವಿಗೆ ಮಾತು ಬರುವ ತನಕ ಇಬ್ಬರೂ ಗೋಡೆಗೆ ಹೇಳುತ್ತಿದ್ದರು. ಗೋಡೆಯ ಕಡೆ ತಿರುಗಿ “ಗ್ಯಾಸು ಮುಗಿದಿದೆ” ಎಂದರೆ ಇನ್ನೊಬ್ಬಳಿಗೆ ಕೇಳಿಸಬೇಕು. ಮಗುವಿಗೆ ಮಾತು ಬಂದ ಮೇಲೆ ಗೋಡೆಗೆ ಬಿಡುವಾಯಿತು.

ಮಗುವನ್ನು ಎಲ್ಲರೂ ಗಿಣಿ ಎನ್ನುತ್ತಿದ್ದರು. ಕೇಳಿದ್ದನ್ನು ಹಿಂದಕ್ಕೆ ಹೇಳುವ ಮಗುವಿಗೆ ಬೇರೆ ಏನು ಹೆಸರಿಟ್ಟಾರು.

“ಗಿಣೀ, ನಿನ್ನ ದೊಡ್ಡಮ್ಮನಿಗೆ ಹೇಳು, ಹಾಲಿನ ಪಾತ್ರೆ ತೊಳೆದಿಟ್ಟರೆ ಕೈಯೇನೂ ಸವೆದು ಹೋಗಲ್ಲ ಅಂತ.”

ಗಿಣಿ ಅಡುಗೆಮನೆಯಿಂದ ಮುಂದಿನ ಕೋಣೆಗೆ ಓಡುವಳು. “ದೊಡ್ಡಮ್ಮ, ಪಾತ್ರೆ ತೊಳೆದ್ರೆ ಕೈ ಸವೆಯಲ್ಲವಂತೆ.”

“ನಿಮ್ಮಮ್ಮನಿಗೆ ಹೇಳು, ಸೋಪು ತಂದಿಟ್ಟರೆ ತೊಳೀತಾರೆ. ಉಗುಳು ಹಾಕಿ ತೊಳೆಯೋಕಾಗಲ್ಲ ಅಂತ.”

ಗಿಣಿ ವಾಪಸು ಓಡುವಳು. ದಾರಿಯಲ್ಲಿ ಮಾತು ಸ್ವಲ್ಪ ಸವೆಯುವುದು. “ಅಮ್ಮ, ಉಗುಳು ಹಾಕಿ ತೊಳೀಬೇಕಂತೆ.”

“ಹೌದಾ? ತನ್ನ ತಟ್ಟೆಗೆ ಮೊದಲು ಹಾಕ್ಕೊಳ್ಳಲಿ ಅಂತ ಹೇಳು.”

ಹೀಗೆ ಮಗು ಬೆಳೆಯಿತು. ಬೆಳೆದ ಹಾಗೆ ಬಾಯಿಗೆ ‘ಅಂತೆ’ ಅಂಟಿಕೊಂಡಿತು. ಅದು ಯಾರ ಗಮನಕ್ಕೂ ಬರಲಿಲ್ಲ, ಏಕೆಂದರೆ ಆ ಮನೆಯಲ್ಲಿ ಅದಕ್ಕೆ ಕೆಲಸವಿತ್ತು.

*

ಶಾಲೆ ಬೀದಿಯ ಕೊನೆಯಲ್ಲಿತ್ತು. ಜಿಪ್ಪಕ್ಕ ಒಳಗೆ ಹೋದವಳಲ್ಲ. ಚಿಕ್ಕವಳಿದ್ದಾಗ ಅಪ್ಪ ಕ್ಯಾನ್ವಾಸು ಹೊಲಿಯುತ್ತಿದ್ದ. ಬಟ್ಟೆಯ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಿತ್ತು. ಹಿಡಿದು ನಿಂತವಳು ನಿಂತೇ ಉಳಿದಳು. ಆದರೆ ಶಾಲೆಯ ಒಳಗೆ ಏನು ನಡೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು, ಬ್ಯಾಗುಗಳಿಂದ. ತಳದಲ್ಲಿ ಬ್ರೆಡ್ಡಿನ ಪುಡಿ ಹಸಿರಾಗಿದ್ದರೆ ಆ ಮಗುವಿಗೆ ಡಬ್ಬಿ ತೆರೆಯಲು ಬರುವುದಿಲ್ಲ, ಯಾರನ್ನೂ ಕೇಳುವುದೂ ಇಲ್ಲ. ಹೆಗಲಪಟ್ಟಿಯ ತುದಿ ಒದ್ದೆಯಾಗಿ ನಾರು ನಾರಾಗಿದ್ದರೆ ಆ ಮಗು ಹೆದರಿಕೊಂಡು ಪಟ್ಟಿ ಕಚ್ಚುತ್ತದೆ. ಅಂಥ ಪಟ್ಟಿಯನ್ನು ಬದಲಾಯಿಸುವಾಗ ಅವಳು ಮಾತಾಡುತ್ತಿರಲಿಲ್ಲ. ಮಾತಾಡದಿರುವುದು ಅವಳಿಗೆ ಹೊಸದೇನಲ್ಲ, ಆದರೆ ಆಗ ಗೊಣಗುವುದನ್ನೂ ನಿಲ್ಲಿಸುತ್ತಿದ್ದಳು.

ಗಿಣಿಯ ಪಟ್ಟಿ ಹಾಗಾಗಬಾರದು ಎಂದು ಅವಳು ಶಾಲೆ ತೆರೆಯುವ ಎಷ್ಟೋ ಮೊದಲೇ ಕೆಲಸ ಶುರು ಮಾಡಿದಳು. ಮೊಣಕಾಲ ಮೇಲೊಂದು ಹಳೆಯ ಬ್ಯಾಗಿಟ್ಟು “ತೆಗಿ” ಎನ್ನುವಳು. ಜಿಪ್ಪು ಅರ್ಧಕ್ಕೆ ಸಿಕ್ಕಿಕೊಳ್ಳುವುದು. “ಎಳೀಬೇಡ. ಹಿಂದಕ್ಕೆ ತಗೊ. ಬಟ್ಟೆ ಕಚ್ಚಿದ್ಯಾ ನೋಡು. ಈಗ ಎಳಿ.” ಡಬ್ಬಿಯ ಮುಚ್ಚಳ, ಚಪ್ಪಲಿಯ ಬಕಲ್, ನೀರಿನ ಬಾಟಲಿಯ ತಿರುಪು, ಎಲ್ಲವನ್ನೂ ಹೀಗೇ. ಹೊಗಳಿಕೆ ಇಲ್ಲ. ಸರಿಯಾಗಿ ಮಾಡಿದರೆ ಮುಂದಿನ ಕೆಲಸ ಕೊಡುವಳು, ಅದೇ ಹೊಗಳಿಕೆ.

ಆ ಕಡೆ ತಂಗಿ ಲಾಂಡ್ರಿಯಿಂದ ಬಂದವಳೇ ತನ್ನ ಪಾಠ ಹಿಡಿಯುವಳು. ಗುಂಡಿ ಹಾಕುವುದು, ಕರವಸ್ತ್ರವನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುವುದು, ಬಣ್ಣಗಳ ಹೆಸರು, ಬೆರಳೆಣಿಕೆ. ಅಕ್ಕ ಕಲಿಸಿದ್ದನ್ನು ತಂಗಿ ಅಳಿಸುವಳು, ತಂಗಿ ಕಲಿಸಿದ್ದನ್ನು ಅಕ್ಕ.

“ದೊಡ್ಡಮ್ಮ, ಮುಚ್ಚಳ ಉಗುರಿಂದ ತೆಗೀಬಾರದಂತೆ.”

“ಹಾಗಾದ್ರೆ ಹಲ್ಲಿಂದ ತೆಗೀಬೇಕಾ ಅಂತ ಕೇಳು.”

“ಅಮ್ಮ, ಹಲ್ಲಿಂದ ತೆಗೀಬೇಕಂತೆ.”

ಬ್ಯಾಗಿನ ವಿಷಯದಲ್ಲಿ ಕಾದಾಟ ಜೋರಾಯಿತು. ಜಿಪ್ಪಕ್ಕ ನೀಲಿ ಕ್ಯಾನ್ವಾಸು ಕತ್ತರಿಸಿ, ಹಿತ್ತಾಳೆಯ ಒಳ್ಳೆಯ ರನ್ನರ್ ಆರಿಸಿ, ಪಟ್ಟಿಗೆ ಎರಡು ಸಾಲು ಹೊಲಿಗೆ ಹಾಕುತ್ತಿದ್ದಳು. ಅದು ಯಾರಿಗೆ ಎಂದು ತಂಗಿಗೆ ಗೊತ್ತಿತ್ತು. ಗೊತ್ತಿದ್ದೇ ಪೇಟೆಯಿಂದ ಮೊಲದ ಚಿತ್ರವಿದ್ದ ಗುಲಾಬಿ ಬ್ಯಾಗು ತಂದು ಮಗಳ ಕೈಯಲ್ಲಿ ಕಳಿಸಿದಳು.

“ದೊಡ್ಡಮ್ಮ, ಇದು ಅಂಗಡಿ ಬ್ಯಾಗಂತೆ. ಗೋಣಿಚೀಲ ಅಲ್ಲವಂತೆ.”

ಜಿಪ್ಪಕ್ಕ ಗುಲಾಬಿ ಬ್ಯಾಗಿನ ಜಿಪ್ಪನ್ನು ಒಂದು ಸಲ ಎಳೆದಳು. ಕಿವಿಯಲ್ಲೇ ಅದರ ಆಯುಸ್ಸು ಅವಳಿಗೆ ತಿಳಿಯಿತು. “ನಿಮ್ಮಮ್ಮನಿಗೆ ಹೇಳು, ಮೊಲ ಚೆನ್ನಾಗಿದೆ, ಕಟ್ಟಿಹಾಕ್ಕೊಳ್ಳಲಿ ಅಂತ. ಅವಳು ತಂದದ್ದಕ್ಕೆ ಓಡಿಹೋಗೋ ಚಾಳಿ ಇದೆ.”

ಗಿಣಿ ಹೋಗಿ ಹೇಳಿದಳು, “ಅಮ್ಮ, ಮೊಲ ಓಡಿಹೋಗುತ್ತಂತೆ.”

ಅಡುಗೆಮನೆಯಲ್ಲಿ ಏನೋ ಸಿಂಕಿಗೆ ಬಿದ್ದ ಸದ್ದು. ಅವತ್ತು ತಂಗಿ ಬೇಯಿಸಿದ ಮೊಟ್ಟೆಗಳಲ್ಲಿ ಅಕ್ಕನಿಗೆ ಒಂದೂ ಉಳಿಯಲಿಲ್ಲ.

*

ಹೊಸ ಮಕ್ಕಳನ್ನು ಮೊದಲೇ ಒಮ್ಮೆ ಕರೆಸಿ ನೋಡುವುದು ಆ ಶಾಲೆಯ ಕ್ರಮ. ಆ ದಿನ ಇಬ್ಬರೂ ಹೊರಟರು. ಮಗು ನಡುವೆ, ಒಂದು ಕೈ ಅಮ್ಮನ ಹತ್ತಿರ, ಇನ್ನೊಂದು ದೊಡ್ಡಮ್ಮನ ಹತ್ತಿರ. ಇಬ್ಬರ ನಡಿಗೆಯೂ ಬೇರೆ ಬೇರೆ, ಹಾಗಾಗಿ ಮಗು ಓರೆಯಾಗಿ ನಡೆಯುತ್ತಿತ್ತು. ಪಕ್ಕದ ಗೂಡಂಗಡಿಯ ಬೀಗದವನು, ಅಂದರೆ ಬೀಗದ ಕೈ ಮಾಡಿಕೊಡುವವನು, ಅರ ಕೆಳಗಿಟ್ಟು ನೋಡಿದ. “ಮಗೂನ ಶಾಲೆಗೆ ಕರ್ಕೊಂಡು ಹೋಗ್ತಿದೀರೋ, ಹಗ್ಗ ಜಗ್ಗಾಟಕ್ಕೋ?” ಎಂದ. ಇಬ್ಬರೂ ಉತ್ತರ ಕೊಡಲಿಲ್ಲ. ಆ ಒಂದು ವಿಷಯದಲ್ಲಿ ಅವರಿಗೆ ಒಮ್ಮತವಿತ್ತು.

ತರಗತಿಯಲ್ಲಿ ಮಕ್ಕಳನ್ನು ಚಿಕ್ಕ ಕುರ್ಚಿಗಳಲ್ಲಿ ಕೂರಿಸಿದ್ದರು. ದೊಡ್ಡವರು ಗೋಡೆಯುದ್ದಕ್ಕೂ ನಿಂತಿದ್ದರು. ಟೀಚರ್ ನಡುವಯಸ್ಸಿನವರು, ನೋಡಿದ್ದನ್ನು ಎರಡನೇ ಸಲ ನೋಡುವ ಅಭ್ಯಾಸ ಇಲ್ಲದವರ ಹಾಗೆ ಚುರುಕಾಗಿದ್ದರು. ಡಬ್ಬಿ ಕೊಟ್ಟು ತೆಗೆಯಲು ಹೇಳಿದರು. ಗಿಣಿ ಎಲ್ಲರಿಗಿಂತ ಮೊದಲು ತೆಗೆದಳು. ಚಪ್ಪಲಿ ಬಿಚ್ಚಿ ಹಾಕಿಕೊಂಡಳು. ಕರವಸ್ತ್ರ ಮಡಿಸಿದಳು. ಜಿಪ್ಪಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಆ ಕಡೆ ತಂಗಿಯೂ.

“ಜಾಣೆ. ನಿನ್ನ ಹೆಸರೇನಮ್ಮ?”

ಗಿಣಿ ಪಕ್ಕದ ಕುರ್ಚಿಯ ಹುಡುಗನ ಕಡೆ ತಿರುಗಿದಳು. “ಹೆಸರೇನು ಅಂತೆ.”

ಹುಡುಗ ತನ್ನ ಹೆಸರು ಹೇಳಿದ. ಗಿಣಿ ಟೀಚರ್ ಕಡೆ ತಿರುಗಿ ಆ ಹೆಸರನ್ನು ಹೇಳಿ, “ಅಂತೆ” ಎಂದು ಸೇರಿಸಿದಳು.

ಯಾರೋ ನಕ್ಕರು. ಟೀಚರ್ ನಗಲಿಲ್ಲ. “ಅವನದಲ್ಲ, ನಿನ್ನದು.”

“ನಿನ್ನದಂತೆ” ಎಂದು ಗಿಣಿ ಹುಡುಗನಿಗೆ ಹೇಳಿದಳು.

ಟೀಚರ್ ಅವಳ ಮುಂದೆ ಕುಳಿತರು. ಮಗು ಕಾಲು ಕೂಡಿಸಿಕೊಂಡು ಅಲುಗಾಡುತ್ತಿದ್ದುದು ಅವರಿಗೆ ಕಂಡಿತ್ತು. “ಬಾತ್‌ರೂಮಿಗೆ ಹೋಗಬೇಕಾ ಮರಿ?”

“ಹೋಗಬೇಕಂತೆ.”

“ಯಾರಿಗೆ?”

ಗಿಣಿ ಯೋಚಿಸಿದಳು. ಅವಳು ಗೋಡೆಯ ಕಡೆ ನೋಡಿದಳು. ಒಂದು ಗೋಡೆಯಲ್ಲಿ ಅಮ್ಮ, ಎದುರು ಗೋಡೆಯಲ್ಲಿ ದೊಡ್ಡಮ್ಮ. ಸುದ್ದಿ ಯಾರಿಂದ ಬಂತು, ಯಾರಿಗೆ ಮುಟ್ಟಿಸಬೇಕು ಎಂದು ಅವಳಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಕುರ್ಚಿಯ ಕೆಳಗೆ ಒದ್ದೆಯಾಯಿತು.

ಎಲ್ಲರೂ ಹೋದ ಮೇಲೆ ಟೀಚರ್ ಇಬ್ಬರನ್ನೂ ನಿಲ್ಲಿಸಿ ಮಾತಾಡಿದರು. “ಕೈ ಚುರುಕಾಗಿದೆ, ಅದರಲ್ಲಿ ತಪ್ಪಿಲ್ಲ. ಆದ್ರೆ ಈ ಮಗು ತನ್ನ ಹೊಟ್ಟೆ ವಿಷಯನೇ ಬೇರೆ ಊರಿನ ಸುದ್ದಿ ಥರ ಹೇಳ್ತಾಳೆ. ನಾಳೆ ಬಿದ್ದು ಪೆಟ್ಟಾದ್ರೆ ‘ನೋಯ್ತಿದೆಯಂತೆ’ ಅಂದ್ರೆ ನಾನು ಯಾರಿಗೆ ಮುಲಾಮು ಹಚ್ಚಲಿ? ಶಾಲೆ ತೆರೆಯೋ ಹಿಂದಿನ ದಿನ ಇನ್ನೊಂದು ಸಲ ಕರ್ಕೊಂಡು ಬನ್ನಿ. ಆಗಲೂ ಹೀಗೇ ಇದ್ರೆ ಮುಂದಿನ ವರ್ಷ ನೋಡೋಣ.” ಆಮೇಲೆ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿ, “ಮನೆಯಲ್ಲಿ ಯಾರು ಹೀಗೆ ಮಾತಾಡ್ತಾರೆ?” ಎಂದು ಕೇಳಿದರು.

“ನನಗೇನು ಗೊತ್ತು” ಎಂದಳು ತಂಗಿ.

“ನನಗೂ” ಎಂದಳು ಜಿಪ್ಪಕ್ಕ.

ವಾಪಸು ಬರುವಾಗ ತಂಗಿ ಬಗ್ಗಿ ಮಗಳ ಕಿವಿಯಲ್ಲಿ ಏನೋ ಹೇಳಿದಳು. ಗಿಣಿ ದೊಡ್ಡಮ್ಮನ ಕೈ ಜಗ್ಗಿದಳು.

“ದೊಡ್ಡಮ್ಮ, ಲಾಂಡ್ರಿಯವರ ಕ್ವಾರ್ಟರ್ಸಿನಲ್ಲಿ ಒಂದು ರೂಮು ಖಾಲಿ ಇದೆಯಂತೆ. ಅಲ್ಲೇ ಮಕ್ಕಳನ್ನ ನೋಡ್ಕೊಳ್ಳೋ ಜಾಗನೂ ಇದೆಯಂತೆ. ಈ ಶಾಲೆ ಸಿಗದಿದ್ರೆ ನಾವು ಅಲ್ಲಿಗೆ ಹೋಗ್ತೀವಂತೆ.”

“ನಾವು ಅಂದ್ರೆ ಯಾರು?”

ಗಿಣಿ ಅಮ್ಮನನ್ನು ಕೇಳಿಕೊಂಡು ಬಂದಳು. “ಅಮ್ಮ ಮತ್ತು ನಾನಂತೆ.”

ಕ್ವಾರ್ಟರ್ಸು ಊರಿನ ಆ ತುದಿಯಲ್ಲಿತ್ತು. ಮನೆ ಬರುವ ತನಕ ಜಿಪ್ಪಕ್ಕ ಮಗುವಿನ ಕೈ ಬಿಡಲಿಲ್ಲ. ಬಿಡಲಿಲ್ಲ ಎನ್ನುವುದು ಅವಳಿಗೆ ತಿಳಿದದ್ದು ಮಗು “ಕೈ ನೋಯ್ತಿದೆಯಂತೆ” ಎಂದಾಗ.

*

ಕೆಟ್ಟದ್ದನ್ನು ಕಂಡರೆ ಇಕ್ಕಳ ಹಿಡಿಯುವುದು ಜಿಪ್ಪಕ್ಕನ ಸ್ವಭಾವ. ಮಾರನೆಯ ದಿನದಿಂದ ಅವಳು ‘ಅಂತೆ’ಯನ್ನು ಹಿಡಿದಳು.

“ಹಸಿವಾ?”

“ಹಸಿವಂತೆ.”

“ಅಂತೆ ಬೇಡ. ಹೇಳು, ನನಗೆ ಹಸಿವು.”

“ನನಗೆ ಹಸಿವು ಅಂತೆ.”

“ಇನ್ನೊಂದು ಸಲ ಅಂತೆ ಅಂದ್ರೆ ನೋಡು, ಬಾಯಿಗೆ ಜಿಪ್ಪು ಹೊಲೀತೀನಿ.”

ಮೇಜಿನ ಮೇಲೆ ಸೂಜಿ ಇತ್ತು, ದಾರ ಇತ್ತು, ಜಿಪ್ಪೂ ಇತ್ತು. ಗಿಣಿ ಎಲ್ಲವನ್ನೂ ನೋಡಿದಳು. ದೊಡ್ಡಮ್ಮ ಹೇಳಿದ್ದನ್ನು ಮಾಡದೆ ಬಿಟ್ಟದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ. ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡಳು.

ಮುಚ್ಚಿದ ಬಾಯಿ ತೆರೆಯಲಿಲ್ಲ. ಊಟಕ್ಕೆ ತೆರೆದು ಮತ್ತೆ ಮುಚ್ಚುವಳು. ಅಮ್ಮ ಹೇಳು ಎಂದು ಕಳಿಸಿದ್ದನ್ನು ದೊಡ್ಡಮ್ಮನ ಮುಂದೆ ತಂದು, ಹೇಳದೆ ನಿಲ್ಲುವಳು. ಮನೆಯ ಕೆಲಸ ಒಂದೊಂದಾಗಿ ನಿಂತಿತು. ಗ್ಯಾಸು ಮುಗಿದದ್ದು ಒಲೆ ಆರಿದ ಮೇಲೆ ತಿಳಿಯಿತು. ಇಬ್ಬರೂ ಹಾಲು ತಂದು, ಒಂದು ಪಾತ್ರೆ ಹಾಲು ಒಡೆದುಹೋಯಿತು. ತಂಗಿಯ ಪಾಳಿ ಬದಲಾದದ್ದು ತಿಳಿಯದೆ ಜಿಪ್ಪಕ್ಕ ಬಾಗಿಲಿಗೆ ಬೀಗ ಹಾಕಿ ದಾರ ತರಲು ಹೋಗಿದ್ದಳು. ಬಂದಾಗ ತಂಗಿ ಮೆಟ್ಟಿಲ ಮೇಲೆ ಕುಳಿತಿದ್ದಳು, ಬೀಗದವನು ಬೀಗದ ಕೈಗಳ ಗೊಂಚಲು ಹಿಡಿದು ಅವಳಿಗೆ ಸಹಾಯ ಮಾಡಲು ನೋಡುತ್ತಿದ್ದ.

ತಂಗಿ ಒಳಗೆ ಹೋದ ಮೇಲೆ ಅವನು ಜಿಪ್ಪಕ್ಕನ ಮೇಜಿಗೆ ಒರಗಿದ.

“ಒಂದು ಮಾತು ಹೇಳ್ಲಾ ಅಕ್ಕ? ನೀನು ಒಂದು ಸಾಲು ಹಲ್ಲು, ನಿನ್ನ ತಂಗಿ ಇನ್ನೊಂದು ಸಾಲು. ಮಗು ನಿಮ್ಮಿಬ್ಬರ ನಡುವೆ ಓಡಾಡೋ ರನ್ನರ್ರು. ಸವೆದಿರೋದು ಯಾವುದು ಅಂತ ನಿನಗೆ ನಾನು ಹೇಳ್ಕೊಡಬೇಕಾ?”

“ನಿನ್ನ ಗೂಡಿನಲ್ಲಿ ಗಿರಾಕಿ ಕಾಯ್ತಿದಾರೆ.”

“ಯಾರೂ ಇಲ್ಲ.”

“ಹೋಗಿ ಕಾದು ನೋಡು, ಬರ್ತಾರೆ.”

ಅವನು ಹೋದ. ಅವಳು ಡಬ್ಬದಲ್ಲಿ ರನ್ನರ್ ಹುಡುಕಿದಳು; ಕೈಗೆ ಬಂದದ್ದು ಬೇರೆ ಅಳತೆಯದು. ಅದನ್ನು ಹಾಕಿದಳು, ಜಿಪ್ಪು ಬಾಯಿಬಿಟ್ಟಿತು, ಮತ್ತೆ ತೆಗೆದಳು. ಜೀವಮಾನದಲ್ಲಿ ಅಂಥ ತಪ್ಪು ಅವಳು ಮಾಡಿದ್ದು ಕಡಿಮೆ. ಬೀಗದವನ ಮೇಲೆ ಅವಳಿಗೆ ಸಿಟ್ಟು ಬಂತು. ತಂಗಿಯ ಮೇಲೆ ಹೇಗೂ ಇತ್ತು. ಎರಡೂ ಸೇರಿ ಮಗುವಿನ ಮುಖದ ಮುಂದೆ ಬಂದು ನಿಂತವು, ಅಲ್ಲಿಂದ ಮುಂದೆ ಹೋಗಲು ಜಾಗವಿರಲಿಲ್ಲ.

ಟೀಚರ್ ಹೇಳಿದ ದಿನಕ್ಕೆ ಹಿಂದಿನ ಸಂಜೆ ತಂಗಿ ಕೆಲಸದಿಂದ ಬಂದಳು. ಬಗಲಲ್ಲಿ ಲಾಂಡ್ರಿಯಿಂದ ತಂದ ದೊಡ್ಡ ರಟ್ಟಿನ ಪೆಟ್ಟಿಗೆ. ಅದನ್ನು ಅಡುಗೆಮನೆಯ ನೆಲಕ್ಕೆ ಎತ್ತಿಹಾಕಿ ಮಗಳನ್ನು ಕರೆದಳು. ಜಿಪ್ಪಕ್ಕ ಒಲೆಯ ಹತ್ತಿರ ಟೊಮೇಟೊ ಹೆಚ್ಚುತ್ತಿದ್ದಳು. ಇಬ್ಬರ ನಡುವೆ ಒಂದು ಮೊಳ ಜಾಗವೂ ಇರಲಿಲ್ಲ. ಆ ಜಾಗದಲ್ಲಿ ಗಿಣಿ ನಿಂತಳು.

“ಹೇಳು ನಿನ್ನ ದೊಡ್ಡಮ್ಮನಿಗೆ. ನಾಳೆ ಅಲ್ಲಿಗೆ ಹೋಗಿ ಮತ್ತೆ ಮಾನ ಕಳ್ಕೊಳ್ಳೋದು ಬೇಡ. ನನ್ನ ಮಗಳು ಅಂತೆ ಅಂತಿದ್ಲು, ಈಗ ಅದೂ ಇಲ್ಲ. ಬಾಯಿ ಹೊಲೀತೀನಿ ಅಂದಳಂತೆ ಮಹಾತಾಯಿ, ಪಕ್ಕದ ಬೀಗದವನೇ ಕೇಳಿಸ್ಕೊಂಡನಂತೆ. ನಾನು ಸಾಮಾನು ಕಟ್ತಿದೀನಿ. ಹೇಳು.”

ಗಿಣಿ ದೊಡ್ಡಮ್ಮನ ಕಡೆ ತಿರುಗಿದಳು. ಬಾಯಿ ಸ್ವಲ್ಪ ತೆರೆಯಿತು, ಮತ್ತೆ ಮುಚ್ಚಿತು. ಕಣ್ಣು ಮುಂದಿನ ಕೋಣೆಯ ಮೇಜಿನ ಮೇಲಿದ್ದ ಸೂಜಿಯ ಡಬ್ಬಿಯ ದಿಕ್ಕಿಗೆ ಹೋಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಹೇಳೇ” ಎಂದಳು ತಂಗಿ.

ಜಿಪ್ಪಕ್ಕ ಚಾಕು ಕೆಳಗಿಟ್ಟಳು.

“ನನಗೆ ಕಿವಿ ಇದೆ” ಎಂದಳು. ಮಗುವಿಗಲ್ಲ, ಗೋಡೆಗಲ್ಲ. ತಂಗಿಯ ಮುಖ ನೋಡಿ ಹೇಳಿದಳು.

ತಂಗಿ ಬೆಚ್ಚಿದಳು. ಒಗೆದ ಬಟ್ಟೆಯೊಳಗಿಂದ ಯಾರದೋ ಕೈ ಬಂದ ಹಾಗೆ. ಆಮೇಲೆ ಅವಳಿಗೂ ಮಾತು ಬಂತು. “ಇದ್ರೆ ಕೇಳಿಸ್ಕೊ ಮತ್ತೆ.”

“ಕೇಳಿಸ್ತು. ಎಲ್ಲಿಗೆ ಹೋಗ್ತೀಯ ಮಗೂನ ಎತ್ಕೊಂಡು? ಆ ಕ್ವಾರ್ಟರ್ಸಿನಲ್ಲಿ ಕಿಟಕಿ ಇಲ್ಲ.”

“ಕಿಟಕಿ ಇಲ್ಲದಿದ್ರೆ ಬೇಡ. ನಿನ್ನ ಮುಖ ಇಲ್ವಲ್ಲ, ಅದೇ ಸುಖ.”

“ನನ್ನ ಮುಖ ಏನು ಮಾಡಿತು ನಿನಗೆ?”

“ಏನು ಮಾಡಿತಾ? ಅವರನ್ನ ಮನೆಯಿಂದ ಓಡಿಸಿದವಳು ಯಾರು? ಹೋಗು ಅಂದ್ಯಂತೆ.”

“ಅಂದೆ.”

ಇಷ್ಟು ವರ್ಷ ತಂಗಿ ಅಕ್ಕನಿಂದ ಒಪ್ಪಿಸಬೇಕೆಂದಿದ್ದ ಮಾತು ಒಂದೇ ಉಸಿರಿಗೆ ಬಂದು ಬಿದ್ದಿತ್ತು.

“ಹೋಗು ಅಂದೆ” ಎಂದಳು ಜಿಪ್ಪಕ್ಕ. “ಪೂರ್ತಿ ಕೇಳು. ಬಾಗಿಲಲ್ಲಿ ನಿಂತಿದ್ದ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ನಾನು ಮೀನು ತೊಳೀತಿದ್ದೆ. ನೊಣ ಬರ್ತಿತ್ತು. ಹೋಗೋದಾದ್ರೆ ಹೋಗು, ಬಾಗಿಲು ಹಾಕ್ಕೊಂಡು ಹೋಗು ಅಂದೆ. ಹಾಕ್ಕೊಂಡು ಹೋದ. ಅಷ್ಟೇ.”

“ನೊಣ?”

“ನೊಣ.”

“ನೊಣಕ್ಕೋಸ್ಕರ ನಾನು ನಾಲ್ಕು ವರ್ಷ...” ತಂಗಿಯ ಧ್ವನಿ ಒಡೆಯಿತು. ಅಳುವಿನಿಂದಲ್ಲ, ಸಿಟ್ಟಿನಿಂದ. “ಆವತ್ತೇ ಇದನ್ನ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿನಗೆ?”

“ನೀನು ಕೇಳಲಿಲ್ಲ. ಅಂದ್ಯಂತೆ ಅಂದೆ. ಬೀದಿಯವರ ಅಂತೆಗೆ ನಾನು ಉತ್ತರ ಕೊಡಲ್ಲ. ನನ್ನ ತಂಗಿ ಕೇಳಿದ್ರೆ ಕೊಡ್ತಿದ್ದೆ.”

“ಅಹಂಕಾರ ನೋಡು. ಹೊಟ್ಟೆ ತುಂಬ ಅಹಂಕಾರ. ಅವರು ಹೋಗೋರೇ ಆಗಿದ್ರು, ನನಗೂ ಗೊತ್ತಿತ್ತು. ನೀನು ಬಾಗಿಲು ತೆಗೆದು ಹಿಡಿದಿದ್ರೂ ಹೋಗ್ತಿದ್ರು, ಕಟ್ಟಿಹಾಕಿದ್ರೂ ಹೋಗ್ತಿದ್ರು. ಆದ್ರೂ ನಿನ್ನನ್ನ ಕಂಡ್ರೆ ನನ್ನ ಮೈ ಉರಿಯುತ್ತೆ.”

“ಉರೀಲಿ. ನನಗೇನು ನಿನ್ನ ಕಂಡ್ರೆ ತಂಪಾಗುತ್ತಾ? ಮೊಟ್ಟೆ ಎಣಿಸಿ ಬೇಯಿಸೋಳು ನೀನು.”

“ಮೊಲ ಓಡಿಹೋಗುತ್ತೆ ಅಂದೋಳು ನೀನು.”

“ಗೋಣಿಚೀಲ ಅಂದೋಳು ನೀನು.”

ಮಾತು ಹೀಗೆ ಹಳೆಯದರಿಂದ ಹೊಸದಕ್ಕೆ, ಹೊಸದರಿಂದ ಹಳೆಯದಕ್ಕೆ ಓಡಿತು. ಅಪ್ಪನ ಕಾಲದ ಒಂದು ಛತ್ರಿಯ ವಿಷಯ ಬಂತು. ಗಿಣಿ ನಡುವೆ ನಿಂತು ಮುಖ ಎತ್ತಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಮಾತುಗಳು ಅವಳ ತಲೆಯ ಮೇಲಿಂದಲೇ ಹಾದು ಹೋಗುತ್ತಿದ್ದವು. ಯಾರೂ ಅವಳಿಗೆ ಏನೂ ಕೊಡಲಿಲ್ಲ, ಯಾರೂ ಅವಳಿಂದ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಕಾದಳು. ಬಾಯಿಯ ಮೇಲಿನ ಕೈ ತಾನಾಗಿ ಇಳಿಯಿತು. ಆಮೇಲೆ ತನ್ನ ತಟ್ಟೆ ತೆಗೆದುಕೊಂಡು ನೆಲಕ್ಕೆ ಬಡಿದಳು.

“ನನಗೆ ಹಸಿವಾಗಿದೆ.”

ಇಬ್ಬರೂ ಜಗಳ ನಿಲ್ಲಿಸಿದರು. ಬಾಲ ಇಲ್ಲದ ಮಾತು. ಒಬ್ಬರ ಮುಖ ಒಬ್ಬರು ನೋಡಿದರು, ಕೂಡಲೇ ಬೇರೆ ಕಡೆ ತಿರುಗಿದರು. ಜಿಪ್ಪಕ್ಕ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದಳು. ತಂಗಿ ಬಾಳೆಹಣ್ಣು ಸುಲಿದಳು. ಎರಡೂ ಒಂದೇ ತಟ್ಟೆಗೆ ಬಂದವು.

“ಬೆಣ್ಣೆ ಜಾಸ್ತಿಯಾಯ್ತು” ಎಂದಳು ತಂಗಿ.

“ತಿನ್ನೋದು ನೀನಲ್ಲ” ಎಂದಳು ಜಿಪ್ಪಕ್ಕ.

*

ಮಾರನೆಯ ದಿನ ಶಾಲೆಗೆ ಹೋಗುವ ದಾರಿಯುದ್ದಕ್ಕೂ ಜಗಳ. ಮಗುವಿಗೆ ಯಾವ ಚಪ್ಪಲಿ ಹಾಕಬೇಕಿತ್ತು ಎನ್ನುವುದರಿಂದ ಶುರುವಾಗಿ, ಯಾರು ಮೊದಲು ನಲ್ಲಿ ಬಿಟ್ಟರು ಎನ್ನುವಲ್ಲಿಗೆ ಬಂದಿತ್ತು. ಬೀಗದವನು ಬಾಯಿ ತೆರೆದು ನೋಡಿದ, ಆದರೆ ಏನೂ ಹೇಳಲಿಲ್ಲ. ಹೇಳಿದ್ದರೆ ಇಬ್ಬರೂ ಸೇರಿ ಅವನ ಮೇಲೆ ಬೀಳುತ್ತಿದ್ದರು ಎಂದು ಅವನಿಗೆ ಗೊತ್ತಾಗಿರಬೇಕು. ಗಿಣಿ ಈ ಸಲ ನಡುವೆ ಇರಲಿಲ್ಲ. ಅವರಿಗಿಂತ ನಾಲ್ಕು ಹೆಜ್ಜೆ ಮುಂದೆ, ನೆಟ್ಟಗೆ ನಡೆಯುತ್ತಿದ್ದಳು.

ಟೀಚರ್ ಚಿಕ್ಕ ಕುರ್ಚಿ ತೋರಿಸಿದರು. ಜಿಪ್ಪಕ್ಕ ಗೋಡೆಯ ಹತ್ತಿರ ಹೋಗಿ ನಿಂತಳು. ರಟ್ಟಿನ ಪೆಟ್ಟಿಗೆ ಇನ್ನೂ ಅಡುಗೆಮನೆಯಲ್ಲೇ ಇತ್ತು. ಅದು ಮಡಿಸಿಡುವ ಪೆಟ್ಟಿಗೆಯೋ, ತುಂಬುವ ಪೆಟ್ಟಿಗೆಯೋ ಈಗ ತಿಳಿಯಬೇಕು.

“ಹೆಸರೇನಮ್ಮ?”

ಪಕ್ಕದಲ್ಲಿ ಅದೇ ಹುಡುಗ ಇರಲಿಲ್ಲ; ಒಂದು ಹುಡುಗಿ ಇದ್ದಳು. ಗಿಣಿ ಆ ಕಡೆ ತಿರುಗಿದಳು. ತಿರುಗಿ, ತಡೆದು, ಟೀಚರ್ ಕಡೆಗೆ ಮುಖ ಮಾಡಿದಳು. ತನ್ನ ಹೆಸರು ಹೇಳಿದಳು. ಬರೀ ಹೆಸರು.

“ಇವತ್ತು ಬಾತ್‌ರೂಮು?”

“ಬೇಡ. ಮನೆಯಲ್ಲೇ ಹೋಗಿದ್ದೆ.”

“ಸರಿ. ಮನೆಯಲ್ಲಿ ಯಾರ್ಯಾರಿದಾರೆ?”

“ಅಮ್ಮ. ದೊಡ್ಡಮ್ಮ. ಅವರು ಜಗಳ ಆಡ್ತಾರೆ.”

ಟೀಚರ್ ಗೋಡೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಬೇಕೆಂದೇ ಕೇಳಿದರು, “ಜಗಳ ಆಡ್ತಾರಂತೆಯಾ?”

ಗಿಣಿಗೆ ಸಿಟ್ಟು ಬಂತು. “ಅಂತೆ ಅಲ್ಲ. ನಾನೇ ಕೇಳಿದೀನಿ.”

ಟೀಚರ್ ಎದ್ದು ನಿಂತರು. “ನಾಳೆ ಬೆಳಗ್ಗೆ ಕಳಿಸಿ” ಎಂದು ಹೇಳಿ, ಮುಂದಿನ ಮಗುವಿನ ಹತ್ತಿರ ಹೋದರು.

ಮಾರನೆಯ ಬೆಳಗ್ಗೆ ಗಿಣಿ ನೀಲಿ ಕ್ಯಾನ್ವಾಸಿನ ಬ್ಯಾಗು ಹೊತ್ತು ಗೇಟಿನ ಒಳಗೆ ಹೋದಳು. ಮೊಲದ ಬ್ಯಾಗಿನ ಜಿಪ್ಪು ಹೊರಡುವ ಮೊದಲೇ ಬಾಯಿಬಿಟ್ಟಿತ್ತು. ಮೊಲವನ್ನು ಮಾತ್ರ ತಂಗಿ ಕತ್ತರಿಸಿ, ಹಟ ಹಿಡಿದು, ನೀಲಿ ಬ್ಯಾಗಿನ ಮೇಲೆ ಹೊಲಿಸಿದ್ದಳು. ಜಿಪ್ಪಕ್ಕ ಅದನ್ನು ಓರೆಯಾಗಿ ಹೊಲಿದಿದ್ದಳು. ಬೇಕೆಂದು ಹೊಲಿದಳೋ, ಬಟ್ಟೆ ಸರಿಯಿತೋ, ಆ ವಿಷಯ ಇನ್ನೂ ತೀರ್ಮಾನವಾಗಿರಲಿಲ್ಲ.

ಮನೆಗೆ ಬಂದರು. ತಂಗಿಗೆ ಪಾಳಿ ಮಧ್ಯಾಹ್ನ. ಜಿಪ್ಪಕ್ಕ ಬೀದಿ ಬಾಗಿಲನ್ನು ಹಾಗೇ ತೆರೆದಿಟ್ಟು, ಯಂತ್ರದ ಮುಂದೆ ಕುಳಿತು, ದಾರ ಪೋಣಿಸಿದಳು. ಮನೆ ನಿಶ್ಶಬ್ದವಾಗಿತ್ತು. ಎರಡು ಕೋಣೆಗಳ ನಡುವೆ ಓಡುವ ಕಾಲಿನ ಸದ್ದು ಇರಲಿಲ್ಲ. ಇಬ್ಬರೂ ಒಬ್ಬರ ಕಡೆ ಒಬ್ಬರು ಕಿವಿ ಇಟ್ಟಿದ್ದರು.

“ಸಾಮಾನು ಕಟ್ಟೋದು ಯಾವಾಗ?” ಎಂದು ಜಿಪ್ಪಕ್ಕ ಕೊನೆಗೆ ಅಡುಗೆಮನೆಯ ಕಡೆಗೆ ಕೂಗಿದಳು.

“ನಾನ್ಯಾಕೆ ಹೋಗ್ಲಿ? ಇದು ನನ್ನಪ್ಪನ ಮನೆ. ಬೇಕಾದ್ರೆ ನೀನು ಹೋಗು.”

ರಟ್ಟಿನ ಪೆಟ್ಟಿಗೆಯನ್ನು ಕಾಲಿನಿಂದ ತುಳಿದು ಚಪ್ಪಟೆ ಮಾಡುವ ಸದ್ದು ಕೇಳಿಸಿತು. ಜಿಪ್ಪಕ್ಕ ಯಂತ್ರದ ಚಕ್ರ ತಿರುಗಿಸಿದಳು.

“ಹೋಗ್ತೀನಿ” ಎಂದಳು. “ಒಂದಿನ ಹೇಳದೇ ಹೋಗ್ತೀನಿ, ಆಗ ಗೊತ್ತಾಗುತ್ತೆ.”

“ಹೋಗು” ಎಂದಳು ತಂಗಿ ಒಳಗಿಂದ. “ಬಾಗಿಲು ಹಾಕ್ಕೊಂಡು ಹೋಗು. ನೊಣ ಬರ್ತಿದೆ.”